ಡಿಕ್ಷನರಿಯಲ್ಲಿ ಎನಮ್: ಆಬ್ಜೆಕ್ಟಿವ್-ಸಿಯಿಂದ ಸ್ವಿಫ್ಟ್‌ವರೆಗೆ

ಕೆಂಪು, ಹಳದಿ, ಹಸಿರು ಎಂಬಂತೆ ಮೊದಲೇ ಗೊತ್ತಿರುವ ಕೆಲವೇ ಹೆಸರುಗಳನ್ನು ಸೇರಿಸಿ ಮಾಡಿದ ಟೈಪ್‌ಗೆ ಎನಮ್ ಎನ್ನುತ್ತಾರೆ. ಕೀ ಕೊಟ್ಟರೆ ಮೌಲ್ಯ ಕೊಡುವ ಡಿಕ್ಷನರಿಯಲ್ಲಿ ಅದನ್ನು ಇಡುವ ಕೆಲಸ ಆಬ್ಜೆಕ್ಟಿವ್-ಸಿ ಪ್ರೋಗ್ರಾಮರ್‌ಗಳನ್ನು ಬಹುಕಾಲ ಕಾಡಿತು.

ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆಯಲ್ಲಿ ಎನಮ್‌ಗೆ ತನ್ನದೇ ಟೈಪ್ ಇತ್ತು. ಅದನ್ನು ಪೂರ್ಣಾಂಕದೊಂದಿಗೆ ಬೆರೆಸಲು ಕಂಪೈಲರ್ ಬಿಡುತ್ತಿರಲಿಲ್ಲ. ಸಿ ಭಾಷೆಯಲ್ಲಿ ಆ ಹೆಸರುಗಳು ಬರೀ ಪೂರ್ಣಾಂಕಗಳು, ಬೇರೆ ಹೇಳದಿದ್ದರೆ 0ಯಿಂದ ಶುರು. 1980ರ ದಶಕದಲ್ಲಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಸಿ ಭಾಷೆಗೆ ಸ್ಮಾಲ್‌ಟಾಕ್ ಮಾದರಿಯ ಆಬ್ಜೆಕ್ಟ್‌ಗಳನ್ನು ಸೇರಿಸಿ ಆಬ್ಜೆಕ್ಟಿವ್-ಸಿ ಕಟ್ಟಿದರು; ಎನಮ್ ಮಾತ್ರ ಹಳೆಯ ರೂಪದಲ್ಲೇ ಉಳಿಯಿತು.

ಆಬ್ಜೆಕ್ಟಿವ್-ಸಿ ಬಳಸುತ್ತಿದ್ದ ನೆಕ್ಸ್ಟ್ ಕಂಪನಿಯ ಫೌಂಡೇಶನ್ ಲೈಬ್ರರಿಯಲ್ಲಿದ್ದ ಡಿಕ್ಷನರಿ, ಅಂದರೆ ಎನ್‌ಎಸ್‌ಡಿಕ್ಷನರಿ, ಆಬ್ಜೆಕ್ಟ್‌ಗಳನ್ನಷ್ಟೇ ಒಳಗೆ ಬಿಡುತ್ತಿತ್ತು. ಎನಮ್ ಆಬ್ಜೆಕ್ಟ್ ಅಲ್ಲ. ಮೌಲ್ಯ, ಕೀ, ಮೌಲ್ಯ, ಕೀ ಎಂದು ಸಾಲಾಗಿ ಕೊಟ್ಟು ಡಿಕ್ಷನರಿ ಮಾಡುವ ವಿಧಾನದಲ್ಲಿ ಪಟ್ಟಿ ಮುಗಿಯಿತೆಂಬ ಗುರುತು ‘ನಿಲ್’, ಅಂದರೆ ಸೊನ್ನೆ. ಅಲ್ಲಿ 0 ಆಗಿರುವ ‘ಕೆಂಪು’ವನ್ನು ನೇರವಾಗಿ ಹಾಕಿದರೆ ಪಟ್ಟಿ ಅಲ್ಲಿಗೇ ಮುಗಿದುಹೋಗುತ್ತಿತ್ತು, ಮುಂದಿನದೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತಿತ್ತು. 1 ಆಗಿರುವ ‘ಹಳದಿ’ಯನ್ನು ಹಾಕಿದರೆ ಅದನ್ನು ಮೆಮೊರಿ ವಿಳಾಸವೆಂದು ಓದಲು ಹೋಗಿ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು. ಎರಡರಲ್ಲಿ ಮೊದಲನೆಯದೇ ಹೆಚ್ಚು ಅಪಾಯಕಾರಿ.

ಪರಿಹಾರ ಬಾಕ್ಸಿಂಗ್: ಸಂಖ್ಯೆಯನ್ನು ಎನ್‌ಎಸ್‌ನಂಬರ್ ಎಂಬ ಆಬ್ಜೆಕ್ಟ್‌ನಲ್ಲಿ ಸುತ್ತಿ ಇಡುವುದು, ತೆಗೆಯುವಾಗ ಬಿಚ್ಚಿಕೊಳ್ಳುವುದು. ಪ್ರತಿ ಸಲವೂ ಉದ್ದನೆಯ ಸಾಲು ಬರೆಯಬೇಕಿತ್ತು. 2012ರಲ್ಲಿ ಆಪಲ್‌ನ ಪ್ರೋಗ್ರಾಮಿಂಗ್ ಸಾಧನ ಎಕ್ಸ್‌ಕೋಡ್ 4.4ರೊಂದಿಗೆ ಬಂದ ಹೊಸ ಬರಹಕ್ರಮದಲ್ಲಿ @(ಕೆಂಪು) ಎಂದರೆ ಸಾಕಾಯಿತು. ಬರೆಯುವ ಶ್ರಮ ಇಳಿಯಿತು, ಮೂಲ ದೋಷ ಹೋಗಲಿಲ್ಲ. ಬಾಕ್ಸ್‌ನಲ್ಲಿ ಉಳಿಯುವುದು ಸಂಖ್ಯೆಯೊಂದೇ; ಹೊರತೆಗೆದ 2 ‘ಹಸಿರು’ ಬಣ್ಣವೋ ವಾರದ ಒಂದು ದಿನವೋ ಎಂದು ಕಂಪೈಲರ್‌ಗೆ ಗೊತ್ತಾಗುವುದಿಲ್ಲ.

ಜಾವಾ 2004ರಲ್ಲೇ, ತನ್ನ 5ನೇ ಆವೃತ್ತಿಯಲ್ಲಿ, ಎನಮ್‌ನ ಪ್ರತಿ ಹೆಸರನ್ನೂ ಆಬ್ಜೆಕ್ಟ್ ಆಗಿಸಿತ್ತು. ಜೊತೆಗೆ ಎನಮ್ ಕೀಗಳಿಗೆಂದೇ ಎನಮ್‌ಮ್ಯಾಪ್ ಕೊಟ್ಟಿತು. ಒಳಗೆ ಅದು ಒಂದು ಅರೇ, ಹಾಗಾಗಿ ಹುಡುಕಾಟ ಬಲು ಚುರುಕು. ಆಪಲ್ 2014ರಲ್ಲಿ ಪ್ರಕಟಿಸಿದ ಸ್ವಿಫ್ಟ್ ಭಾಷೆ ಡಿಕ್ಷನರಿಯ ನಿಯಮವನ್ನೇ ಬದಲಿಸಿತು. ಅಲ್ಲಿ ಯಾವ ಟೈಪ್‌ನ ಮೌಲ್ಯವನ್ನಾದರೂ ಇಡಬಹುದು, ಸರಳ ಎನಮ್ ನೇರವಾಗಿ ಕೀ ಆಗಬಲ್ಲದು, ಟೈಪ್ ಕಳೆದುಹೋಗುವುದಿಲ್ಲ. ಸರಿಯಾದ ಪರಿಹಾರ ಇದೇ. ಎನ್‌ಎಸ್‌ಡಿಕ್ಷನರಿ ಬಳಸುವ ಆಬ್ಜೆಕ್ಟಿವ್-ಸಿ ಕೋಡ್‌ನಲ್ಲಿ ಮಾತ್ರ ಎನಮ್ ಇಂದಿಗೂ ಎನ್‌ಎಸ್‌ನಂಬರ್ ಮೂಲಕವೇ ಒಳಗೆ ಹೋಗುತ್ತದೆ.