ನೆನಪಿಗೆ ಬಿದ್ದ ಅಂಕ: ಆಟಿಸಂ ಮಕ್ಕಳು, ಒಡಹುಟ್ಟಿದವರು ಮತ್ತು ಕನ್ನಡ ನಾಡಿನ ಬುದ್ಧಿ ಪರೀಕ್ಷೆಗಳು

ಚಿಕ್ಕನಾಯಕನಹಳ್ಳಿ ತಾಲ್ಲೂಕು ಕಂದಿಕೆರೆ ಹೋಬಳಿಯ ಮಗುವಿಗೆ ಆಟಿಸಂ ಇದೆಯೆಂದು ಸರ್ಕಾರ ಒಪ್ಪಬೇಕಾದರೆ ಮಗು ಒಂದು ಅಳತೆಗೋಲಿನ ಅಡಿ ಹಾಯಬೇಕು. ಸಿಕಂದರಾಬಾದಿನ ಅಂದಿನ ರಾಷ್ಟ್ರೀಯ ಮಾನಸಿಕ ವಿಕಲಚೇತನರ ಸಂಸ್ಥೆ 2009ರಲ್ಲಿ ಹೊರತಂದ ‘ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ’ ಅದು. ಅದರಲ್ಲಿ 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. ಮೊತ್ತ 70 ಮುಟ್ಟಿದರೆ ಸೌಮ್ಯ, 107ರಿಂದ ಮಧ್ಯಮ, 153 ದಾಟಿದರೆ ತೀವ್ರ. ಬುದ್ಧಿಗೆ ಸಂಬಂಧಿಸಿದ ಕೊನೆಯ ನಾಲ್ಕು ಅಂಶಗಳಲ್ಲಿ ಒಂದು ‘ಅಸಾಮಾನ್ಯ ಸ್ಮರಣೆ’. ವರ್ಷಗಳ ಹಿಂದಿನ ದಿನಾಂಕವನ್ನೋ ಒಮ್ಮೆ ಹೋದ ದಾರಿಯನ್ನೋ ಮಗು ತಪ್ಪದೆ ಹೇಳಿದರೆ ಅಂಗವೈಕಲ್ಯದ ಅಂಕ ಏರುತ್ತದೆ. ಒಳ್ಳೆಯ ನೆನಪು ಕೊರತೆಯ ಪಟ್ಟಿಗೆ ಬಂದು ಸೇರಿದ್ದರ ಹಿಂದೆ ದೊಡ್ಡ ಚರಿತ್ರೆಯೇ ಇದೆ, ಅದರ ಒಂದು ಕವಲು ಧಾರವಾಡ, ಮೈಸೂರು, ಬೆಂಗಳೂರುಗಳ ಮೂಲಕ ಹಾದುಬಂದಿದೆ.

ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇರುವ 11 ಮಕ್ಕಳನ್ನು ಕುರಿತು ಬರೆದಾಗ ಅವರ ಕಂಠಪಾಠದ ಶಕ್ತಿಗೆ ಬೆರಗಾಗಿದ್ದ. ಬೆರಗಿನ ಜೊತೆಗೇ ಅನುಮಾನವೂ ಇತ್ತು. ತಂದೆತಾಯಿ ಪದ್ಯ, ಪ್ರಾರ್ಥನೆ, ಹೆಸರುಗಳನ್ನು ಮಕ್ಕಳಿಗೆ ತುಂಬಿದ್ದರಿಂದಲೇ ಮಾತು ಸಂವಾದವಾಗದೆ ಉಳಿಯಿತೇನೋ ಎಂದು ಅವನಿಗೆ ಅನ್ನಿಸಿತ್ತು. ದೋಷವನ್ನು ಹೆತ್ತವರ ತಲೆಗೆ ಕಟ್ಟುವ ಚಾಳಿ ಅಲ್ಲಿಂದಲೇ ಬೇರುಬಿಟ್ಟು ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿತು. ಅನುಮಾನವನ್ನು ಪ್ರಯೋಗಕ್ಕೆ ಒಡ್ಡಿದವರು ಲಂಡನ್ನಿನ ಬೀಟ್ ಹರ್ಮೆಲಿನ್ ಮತ್ತು ನೀಲ್ ಓಕಾನರ್. 1960ರ ದಶಕದಲ್ಲಿ ಅವರು ಮಕ್ಕಳಿಗೆ ಒಮ್ಮೆ ಅರ್ಥವಿರುವ ವಾಕ್ಯ, ಇನ್ನೊಮ್ಮೆ ಸಂಬಂಧವಿಲ್ಲದ ಪದಗಳ ಸಾಲು ಹೇಳಿ ಮತ್ತೆ ಹೇಳಿಸಿದರು. ಬೇರೆ ಮಕ್ಕಳಿಗೆ ವಾಕ್ಯ ಬಹಳ ಸುಲಭವಾಯಿತು. ಆಟಿಸಂ ಮಕ್ಕಳಿಗೆ ಅರ್ಥದಿಂದ ಸಿಕ್ಕ ಲಾಭ ಕಡಿಮೆ. ಅವರ ನೆನಪು ಸೋತಿರಲಿಲ್ಲ, ಅದು ಅರ್ಥದ ಆಸರೆಯನ್ನು ಹೆಚ್ಚು ಹಿಡಿಯುತ್ತಿರಲಿಲ್ಲ, ಅಷ್ಟೇ. ಬಿಡಿ ಬಿಡಿಯನ್ನು ಹಿಡಿಯುವ ಈ ಬಗೆಯನ್ನೇ ಉಟಾ ಫ್ರಿತ್ 1989ರಲ್ಲಿ ಸಿದ್ಧಾಂತವಾಗಿ ಬೆಳೆಸಿದರು.

ಇತ್ತ ಕನ್ನಡ ನಾಡಿನಲ್ಲಿ ನೆನಪನ್ನು ಅಳೆಯುವ ಕೆಲಸ ಕ್ಯಾನರನ ಬರಹಕ್ಕೂ ಮೊದಲೇ ಶುರುವಾಗಿತ್ತು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದರು. 1930ರ ದಶಕದಲ್ಲಿ ವಿ. ವಿ. ಕಾಮತ್ ಧಾರವಾಡದ ಕಡೆಯ ಮಕ್ಕಳನ್ನು ಪರೀಕ್ಷಿಸಿ ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿಗಳಿಗೆ ಒಗ್ಗಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ–ಕಾಮತ್ ಎಂದು ಹೆಸರಾದ ಆ ಪರೀಕ್ಷೆಯ ಋಣ ದೊಡ್ಡದು. ಆದರೆ ಅದು ಬಹುಮಟ್ಟಿಗೆ ಮಾತಿನ ಪರೀಕ್ಷೆ. ಅಂಕಿಗಳನ್ನು ಕೇಳಿ ಹಾಗೇ ಹೇಳಬೇಕು, ಪ್ರಶ್ನೆಗೆ ಬಾಯಿಬಿಟ್ಟು ಉತ್ತರಿಸಬೇಕು. ಬಾಯಿ ಬಿಡದ ಮಗುವಿಗೆ ಅಂಕ ಕಡಿಮೆ. ನೆನಪಿಲ್ಲದ ಮಗುವನ್ನೂ ನೆನಪಿದ್ದು ಹೇಳದ ಮಗುವನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸಿತು.

ಮಾತಿಲ್ಲದ ದಾರಿಗೆ ಬಲ ಬಂದದ್ದು 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶುರುವಾದ ಮೇಲೆ. ಅಲ್ಲಿನ ಜೆ. ಭರತ್‌ರಾಜ್ 1970ರ ದಶಕದಲ್ಲಿ ಸೆಗ್ವಿನ್ ಹಲಗೆಗೆ ಭಾರತೀಯ ಮಕ್ಕಳ ಮಾನದಂಡ ಕಟ್ಟಿದರು. ಹಲಗೆಯಲ್ಲಿ ಹತ್ತು ಗುಳಿಗಳು: ನಕ್ಷತ್ರ, ವೃತ್ತ, ತ್ರಿಕೋನ, ಶಿಲುಬೆ ಹೀಗೆ. ಮರದ ತುಂಡುಗಳನ್ನು ಹೊರಗೆ ಪೇರಿಸಿಟ್ಟು, ಬೇಗ ಬೇಗ ಕೂರಿಸು ಎಂದು ಕೈಸನ್ನೆ ಮಾಡಿದರೂ ಸಾಕು. ಮೂರು ಸಲ ಮಾಡಿಸಿ, ಕಡಿಮೆ ಹೊತ್ತು ಹಿಡಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲೂ ಒಂದು ತೊಡಕುಂಟು. ತುಂಡನ್ನು ಗುಳಿಗೆ ಕೂರಿಸುವ ಬದಲು ಅದರ ಅಂಚನ್ನೇ ಸವರುತ್ತ ಕೂತ ಮಗುವಿಗೆ ಆಕಾರ ಗೊತ್ತಿಲ್ಲವೆಂದೇನೂ ಅಲ್ಲ, ಗಡಿಯಾರದ ಗೊಡವೆ ಅದಕ್ಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಮಕ್ಕಳ ನರಮನೋವೈಜ್ಞಾನಿಕ ಪರೀಕ್ಷಾ ಸರಣಿಯನ್ನು ತಂದಾಗ ಗಮನ, ಯೋಜನೆ, ಕೇಳಿದ್ದರ ನೆನಪು, ಕಂಡದ್ದರ ನೆನಪು ಬೇರೆ ಬೇರೆಯಾದವು. ಅದರ ಮಾನದಂಡಕ್ಕೆ ಆಧಾರ 5ರಿಂದ 15 ವರ್ಷದ 400 ಶಾಲಾಮಕ್ಕಳು. ನನ್ನ ಮಟ್ಟಿಗೆ ಈ ಬೇರ್ಪಡಿಕೆಯೇ ಈ ಚರಿತ್ರೆಯಲ್ಲಿ ನಿಜವಾದ ತಿರುವು.

ಇದೇ ನೆಲದಲ್ಲಿ, ಮೈಸೂರು–ಬೆಂಗಳೂರುಗಳಲ್ಲಿ, ಬೆಳೆದ, ಆಟಿಸಂ ಇರುವ ಹುಡುಗ ಟಿಟೊ ರಾಜರ್ಷಿ ಮುಖೋಪಾಧ್ಯಾಯ. ಹೆಚ್ಚು ಮಾತಾಡದ ಅವನ ಪುಸ್ತಕವನ್ನು 2000ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು. ಮಾತು ಕಡಿಮೆಯಾದರೆ ಬುದ್ಧಿಯೂ ಕಡಿಮೆ ಎಂಬ ಎಣಿಕೆಗೆ ಅದು ಪೆಟ್ಟು ಕೊಟ್ಟಿತು. ಅವನ ತಾಯಿ ಸೋಮಾ ರೂಪಿಸಿದ ಬೋಧನಾ ವಿಧಾನದ ಮಾತು ಬೇರೆ. ಬರೆಯುವವರು ಮಗುವೋ ಪಕ್ಕದಲ್ಲಿ ಕೂತವರೋ ಎಂಬ ಪ್ರಶ್ನೆ ಬಗೆಹರಿಯದ ಕಾರಣ ಅಮೆರಿಕದ ವಾಕ್–ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದಿತು. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಒಡಹುಟ್ಟಿದವರು ಸಂಶೋಧನೆಯ ಅಂಗಳಕ್ಕೆ ಬಂದದ್ದು ಅವಳಿಗಳ ಬೆನ್ನು ಹಿಡಿದು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 1977ರಲ್ಲಿ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಅಂಡದಿಂದಾದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಇದಕ್ಕಿಂತ ದೊಡ್ಡ ಮಾತು ಇನ್ನೊಂದು: ಮಾತು, ಕಲಿಕೆ, ಬುದ್ಧಿಯ ಬೇರೆ ತೊಡಕುಗಳನ್ನೂ ಲೆಕ್ಕಕ್ಕೆ ತಂದಾಗ ಮೊದಲ ಗುಂಪಿನಲ್ಲಿ ಹೋಲಿಕೆ ಶೇ. 82ಕ್ಕೆ ಏರಿತು. ಅಂದರೆ ಆಟಿಸಂ ಇಲ್ಲದ ಒಡಹುಟ್ಟಿದವರಲ್ಲೂ ಅದರ ಎಳೆ ಇರಬಹುದು. ತಾಯಿಯ ತಣ್ಣನೆಯ ಮನಸ್ಸೇ ಕಾರಣವೆನ್ನುತ್ತಿದ್ದವರ ಬಾಯಿ ಕಟ್ಟಿದ್ದು ಇದು.

ಆ ಎಳೆ ಯಾವುದು? 1991ರಲ್ಲಿ ಸ್ಯಾಲಿ ಓಜೊನಾಫ್ ಮತ್ತು ಸಂಗಡಿಗರು ಬಿಲ್ಲೆಗಳನ್ನು ಕಂಬದಿಂದ ಕಂಬಕ್ಕೆ ಸಾಗಿಸುವ ‘ಹನಾಯ್ ಗೋಪುರ’ದಂಥ ಪರೀಕ್ಷೆಗಳಲ್ಲಿ ಆಟಿಸಂ ಇರುವವರು ಯೋಜನೆ ಹಾಕುವಲ್ಲಿ ತಡವರಿಸುವುದನ್ನು ತೋರಿಸಿದರು. ಈ ಯೋಜನಾಶಕ್ತಿ ಏನೆಂದು ಕಂದಿಕೆರೆಯಲ್ಲಿ ಹೇಳಬೇಕಾದರೆ ಕೊಬ್ಬರಿ ಕೆಲಸ ನೋಡಿದರಾಯಿತು. ವರ್ಷದ ಹತ್ತಿರ ಅಟ್ಟದಲ್ಲಿದ್ದ ಕಾಯಿ ಇಳಿಸಿ, ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸಿ, ಕೌಟು ಬೇರೆ ಮಾಡಿ ಚೀಲ ತುಂಬಬೇಕು. ಈ ಸರದಿ ನೆನಪಿಡುವುದು ಒಂದು. ನಡುವೆ ಮಳೆ ಹನಿದರೆ ಸರದಿ ಮುರಿದು ಬೇರೆ ಕೆಲಸಕ್ಕೆ ಕೈಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಯಾರಿಗೂ ಸೋಲದವನು ಎರಡನೆಯದರಲ್ಲಿ ಸಿಟ್ಟಾಗಿ ಕೂರಬಹುದು. ಕ್ಲೇರ್ ಹ್ಯೂಸ್, ಮೋನಿಕ್ ಪ್ಲುಮೆ, ಮರಿಯನ್ ಲೆಬೊಯೆ 1999ರಲ್ಲಿ ಆಟಿಸಂ ಮಕ್ಕಳ ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ಇಂಥದೇ ಜೋಡಿ ಕಂಡಿತು. ಯೋಜನೆ, ಗಮನ ಬದಲಿಸುವಿಕೆಗಳಲ್ಲಿ ತೊಡಕಿದ್ದವರು ಅವರಲ್ಲಿ ಹೆಚ್ಚು. ತೋರಿಸಿದ ಜಾಗಗಳ ಸರದಿಯನ್ನು ನೆನಪಿಡುವುದರಲ್ಲಿ ಮಾತ್ರ ಎತ್ತಿದ ಕೈಯವರೂ ಹೆಚ್ಚು. ಆಮೇಲಿನ ಅಧ್ಯಯನಗಳೆಲ್ಲ ಇದಕ್ಕೆ ಒಂದೇ ದನಿಯಲ್ಲಿ ಹೂಂಗುಟ್ಟಿಲ್ಲ. ಹಾಗಿದ್ದರೂ ನೆನಪು ಮತ್ತು ಯೋಜನೆ ಒಂದೇ ಕುಟುಂಬದಲ್ಲಿ ವಿರುದ್ಧ ದಿಕ್ಕಿಗೆ ಹೋಗಬಲ್ಲವು ಎಂಬ ಮಾತನ್ನು ತಳ್ಳಿಹಾಕಲಾಗದು.

ಅಕ್ಕನಿಗೋ ಅಣ್ಣನಿಗೋ ಆಟಿಸಂ ಇದ್ದ 664 ಶಿಶುಗಳನ್ನು ಹಿಂಬಾಲಿಸಿದ ಓಜೊನಾಫ್ ತಂಡ 2011ರಲ್ಲಿ ಅವರಲ್ಲಿ ಶೇ. 18.7 ಮಕ್ಕಳಿಗೆ ಆಟಿಸಂ ಬಂದದ್ದನ್ನು ವರದಿ ಮಾಡಿತು. ಅಂದರೆ ಐವರಲ್ಲಿ ನಾಲ್ವರಿಗೆ ಬರಲಿಲ್ಲ. ಆ ನಾಲ್ವರ ಬಗ್ಗೆ ನಮ್ಮ ಕೇಸ್ ಶೀಟುಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಬೇಕು. ಮನೆಗೇ ಬಂದು ಕಲಿಸುವ ವಿಶೇಷ ಶಿಕ್ಷಕರಿಗೆ ತಮ್ಮನ ಸನ್ನೆ ಬಿಡಿಸಿ ಹೇಳುವವಳು ಎಷ್ಟೋ ಮನೆಗಳಲ್ಲಿ ಅಕ್ಕನೇ. ಅವಳಿಗೇ ಗಣಿತದಲ್ಲಿ ತೊಡಕಿದ್ದರೆ ಅದು ಸೋಮಾರಿತನವೆಂದು ದಾಖಲಾದೀತು. ಇದನ್ನು ತಪ್ಪಿಸಲು ಅವಳನ್ನೂ ಪರೀಕ್ಷಿಸಬೇಕು: ಜಾಗಗಳ ಸರದಿ ನೆನಪಿಡುವ ಪರೀಕ್ಷೆಗೆ ಓದು ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ. ಕಾಮತರು ಧಾರವಾಡದಲ್ಲಿ ಮಾಡಿದ ಹಾಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸರ್ಕಾರಿ ಶಾಲೆಗಳ ಮಕ್ಕಳಿಂದಲೇ ಮಾನದಂಡ ಕಟ್ಟಿದರೆ, ಅಣ್ಣ ತಮ್ಮ ಅಕ್ಕ ತಂಗಿಯರನ್ನು ಒಂದೇ ಪರೀಕ್ಷೆಯ ಮುಂದೆ ಕೂರಿಸಿ ನೋಡಬಹುದು.