ಕೋನ, ನೆಲ, ಎತ್ತರ: 40 ಮೀಟರ್ ಬ್ಯಾಂಡಿನಲ್ಲಿ ವರ್ಟಿಕಲ್ ಮತ್ತು ತಂತಿ ಡೈಪೋಲ್ ಆಂಟೆನಾಗಳ ಆಯ್ಕೆ

ಸಾರಾಂಶ

ಹವ್ಯಾಸಿ ರೇಡಿಯೊದಲ್ಲಿ ತೊಡಗಿದವರು ವರ್ಟಿಕಲ್ ಒಳ್ಳೆಯದೋ ಡೈಪೋಲ್ ಒಳ್ಳೆಯದೋ ಎಂದು ಚರ್ಚಿಸುತ್ತಲೇ ಬಂದಿದ್ದಾರೆ. ಯಾರೊಡನೆ ಮಾತಾಡಬೇಕು, ಆಂಟೆನಾದ ಕೆಳಗೂ ಮುಂದೂ ಇರುವ ನೆಲ ಎಂಥದು ಎಂಬುದನ್ನು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ಈ ಲೇಖನದ ವಾದ. ಭಾರತದಲ್ಲಿ ಹವ್ಯಾಸಿಗಳಿಗೆ ದೊರೆತಿರುವ 7.0–7.2 ಮೆಗಾಹರ್ಟ್ಸ್ ಪಟ್ಟಿಯನ್ನೂ (40 ಮೀಟರ್ ಬ್ಯಾಂಡ್) ಕರ್ನಾಟಕದ ಕೆಲವು ಊರುಗಳನ್ನೂ ಉದಾಹರಣೆಯಾಗಿಟ್ಟುಕೊಂಡು ಸರಳ ಲೆಕ್ಕಗಳ ಮೂಲಕ ಇದನ್ನು ಪರಿಶೀಲಿಸಲಾಗಿದೆ.

1. ಎರಡು ಬಗೆಯ ರಚನೆ

ಡೈಪೋಲ್‌ಗೆ ಎರಡು ತೋಳು. ವರ್ಟಿಕಲ್‌ಗೆ ಇರುವುದು ಒಂದೇ. ಎರಡನೆಯ ತೋಳಿನ ಕೆಲಸವನ್ನು ನೆಲ ಮಾಡಬೇಕು. ಮುಂದೆ ಬರುವ ವ್ಯತ್ಯಾಸಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿದೆ. 1880ರ ದಶಕದ ಕೊನೆಯಲ್ಲಿ ಹೈನ್ರಿಕ್ ಹರ್ಟ್ಸ್ ಬಳಸಿದ್ದು ಎರಡು ತೋಳಿನ ರಚನೆ. ಮಾರ್ಕೋನಿ ಒಂದು ತುದಿಯನ್ನು ನೆಲಕ್ಕೆ ಜೋಡಿಸಿ, ಇನ್ನೊಂದನ್ನು ಮೇಲಕ್ಕೆತ್ತಿದರು.

7.1 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 42 ಮೀಟರ್. ಅರ್ಧ ತರಂಗದ ಡೈಪೋಲ್‌ಗೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು 20.1 ಮೀಟರ್ ತಂತಿ, ಅಂದರೆ ತೋಳಿಗೆ 10 ಮೀಟರಿಗಿಂತ ತುಸು ಹೆಚ್ಚು. ಮನೆಯ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಉದ್ದ ಇನ್ನೂ ಸ್ವಲ್ಪ ತಗ್ಗುತ್ತದೆ. ಮೊದಲು ಉದ್ದವಾಗಿ ಕತ್ತರಿಸಿ, ಆಂಟೆನಾದ ಹೊಂದಾಣಿಕೆಯನ್ನು ತೋರುವ ಎಸ್‌ಡಬ್ಲ್ಯೂಆರ್ ಮೀಟರ್ ನೋಡುತ್ತ ತುದಿಗಳನ್ನು ಮೊಟಕು ಮಾಡುವುದು ವಾಡಿಕೆ. ಕಾಲು ತರಂಗದ ವರ್ಟಿಕಲ್‌ಗೂ 10 ಮೀಟರ್ ಎತ್ತರ ಬೇಕು. ಡೈಪೋಲನ್ನೂ ಅಷ್ಟೇ ಎತ್ತರದಲ್ಲಿ ಕಟ್ಟುವುದಾದರೆ ಎರಡಕ್ಕೂ ಬೇಕಾಗುವುದು ಹೆಚ್ಚುಕಡಿಮೆ ಒಂದೇ ಎತ್ತರದ ಕಂಬ. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದೇ ನಿಜವಾದ ಪ್ರಶ್ನೆ.

2. ದೂರ ಕೋನವಾಗುವ ಬಗೆ

ಈ ಪಟ್ಟಿಯಲ್ಲಿ ಸಂಕೇತ ಅಯಾನುಗೋಳದಿಂದ ಬಾಗಿ ಮರಳುತ್ತದೆ. ಮರಳುವ ಎತ್ತರವನ್ನು 300 ಕಿ.ಮೀ. ಎಂದಿಟ್ಟುಕೊಂಡರೆ, ಬೆಂಗಳೂರಿನಿಂದ ಸುಮಾರು 300 ಕಿ.ಮೀ. ನೇರ ದೂರದ ಮಂಗಳೂರಿಗೆ ಸಂಕೇತ 62 ಡಿಗ್ರಿ ಕೋನದಲ್ಲಿ ಹೊರಡಬೇಕು. 460 ಕಿ.ಮೀ. ದೂರದ ಬೆಳಗಾವಿಗೆ 51 ಡಿಗ್ರಿ, ದೆಹಲಿಗೆ ಒಂದೇ ಜಿಗಿತದಲ್ಲಿ 15 ಡಿಗ್ರಿ ಸಾಕು. 8,000 ಕಿ.ಮೀ. ಆಚೆಯ ಲಂಡನ್ ಅನ್ನು ಮೂರು ಜಿಗಿತಗಳಲ್ಲಿ ಮುಟ್ಟಲು 6 ಡಿಗ್ರಿಯಷ್ಟು ತಗ್ಗಿನ ಕೋನ ಬೇಕು. ಹತ್ತಿರದವರೊಡನೆ ಮಾತಾಡಲು ಆಕಾಶ ನೋಡಬೇಕು, ದೂರದವರಿಗೆ ದಿಗಂತ.

3. ಡೈಪೋಲ್: ಎತ್ತರಿಸಿದರೆ ಕಳೆದುಹೋಗುವುದು

ಅಡ್ಡ ತಂತಿಯಿಂದ ನೇರವಾಗಿ ಹೊರಟ ಅಲೆಯೂ ನೆಲಕ್ಕೆ ತಾಗಿ ಚಿಮ್ಮಿದ ಅಲೆಯೂ ಕೂಡಿ ಒಟ್ಟು ಪ್ರಸಾರ ರೂಪುಗೊಳ್ಳುತ್ತದೆ. ಕಂಬದ ಎತ್ತರ 10 ಮೀಟರ್ ಇದ್ದಾಗ ಪ್ರಸಾರದ ಗರಿಷ್ಠ ಬಲ ನೆತ್ತಿಯ ಕಡೆಗೆ. ಬೆಳಗಾವಿಯ ಕೋನದಲ್ಲಿ ಅದಕ್ಕಿಂತ ಒಂದು ಡೆಸಿಬೆಲ್ ಕೂಡ ಕಡಿಮೆಯಾಗುವುದಿಲ್ಲ. ದೆಹಲಿಯ ಕೋನದಲ್ಲಿ 8–9 ಡೆಸಿಬೆಲ್, ಲಂಡನ್ನಿನ ಕೋನದಲ್ಲಿ ಸುಮಾರು 16 ಡೆಸಿಬೆಲ್ ಇಳಿಯುತ್ತದೆ.

ಹಾಗಾದರೆ ಕಂಬವನ್ನು 21 ಮೀಟರಿಗೆ ಏರಿಸಿದರೆ? ಲಂಡನ್ನಿನ ದಿಕ್ಕಿಗೆ 6 ಡೆಸಿಬೆಲ್ ಲಾಭವಾಗುತ್ತದೆ. ಆದರೆ ಮಂಗಳೂರಿನ ಕೋನದಲ್ಲಿ ಸುಮಾರು 8 ಡೆಸಿಬೆಲ್ ನಷ್ಟ, ನೆತ್ತಿಯ ನೇರಕ್ಕೆ ಸಂಕೇತ ಬಹುಪಾಲು ಅಡಗಿಯೇ ಹೋಗುತ್ತದೆ. ಆಂಟೆನಾ ಎತ್ತರವಿದ್ದಷ್ಟೂ ಒಳ್ಳೆಯದು ಎಂಬ ಮಾತು ದೂರದ ಸಂಪರ್ಕಕ್ಕೆ ನಿಜ, ನೆರೆಯ ಜಿಲ್ಲೆಗೆ ನಿಜವಲ್ಲ.

4. ವರ್ಟಿಕಲ್: ಎರಡು ನೆಲಗಳು

ವರ್ಟಿಕಲ್‌ನ ಪ್ರಸಾರ ದಿಗಂತದ ಕಡೆಗೆ ಚಾಚುತ್ತದೆ. ನೆತ್ತಿಯಲ್ಲಿ ಅದು ಶೂನ್ಯ. ಕಾಗದದ ಮೇಲೆ ಇದೇ ದೂರಸಂಪರ್ಕಕ್ಕೆ ಆದರ್ಶ. ಆದರೆ ನೆಲ ಎರಡು ಕಡೆ ಅಡ್ಡ ಬರುತ್ತದೆ, ಆ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಬುಡದ ನೆಲ. ಆಂಟೆನಾದಿಂದ ಹೊರಟ ವಿದ್ಯುತ್ ಪ್ರವಾಹ ಮಣ್ಣಿನ ಮೂಲಕ ಬುಡಕ್ಕೆ ಮರಳಬೇಕು. ಆದರ್ಶ ನೆಲದ ಮೇಲೆ ಕಾಲು ತರಂಗದ ವರ್ಟಿಕಲ್‌ನ ಪ್ರಸರಣ ರೋಧ 36 ಓಮ್. ಮಣ್ಣಿನ ನಷ್ಟ 20 ಓಮ್ ಇದೆ ಎಂದುಕೊಂಡರೆ, ಕೊಟ್ಟ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಣ್ಣನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಬುಡದಿಂದ ಸುತ್ತಲೂ ಹರಡುವ ರೇಡಿಯಲ್ ತಂತಿಗಳನ್ನು ಹಾಸುವುದು ಇದನ್ನು ತಪ್ಪಿಸಲು. 1937ರಲ್ಲಿ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರ. ಅಮೆರಿಕದ ಮಧ್ಯಮ ತರಂಗ ಕೇಂದ್ರಗಳಲ್ಲಿ 120 ರೇಡಿಯಲ್ ಹೂಳುವ ಪದ್ಧತಿ ಬೇರೂರಿದ್ದು ಅದರಿಂದ.

ಎರಡನೆಯದು ದೂರದ ನೆಲ. ತಗ್ಗಿನ ಕೋನದ ಅಲೆ ಬುಡದಿಂದ ಹಲವು ತರಂಗಾಂತರಗಳಾಚೆ ನೆಲಕ್ಕೆ ತಾಗಿ ಚಿಮ್ಮುತ್ತದೆ. ಅಲ್ಲಿಗೆ ನಮ್ಮ ರೇಡಿಯಲ್‌ಗಳು ಮುಟ್ಟುವುದಿಲ್ಲ. ಮೀಟರಿಗೆ 0.005 ಸೀಮನ್ಸ್ ವಾಹಕತೆಯ ಸಾಧಾರಣ ಮಣ್ಣಿಗೆ ಲೆಕ್ಕ ಹಾಕಿದರೆ, 6 ಡಿಗ್ರಿಯಲ್ಲಿ ವರ್ಟಿಕಲ್ ಸಂಕೇತ ಆದರ್ಶಕ್ಕಿಂತ ಸುಮಾರು 10 ಡೆಸಿಬೆಲ್ ಕುಗ್ಗುತ್ತದೆ. ಸಮುದ್ರದ ನೀರಿನ ವಾಹಕತೆ ಇದರ ಸಾವಿರ ಪಟ್ಟು. ಅದರ ಮೇಲೆ ಅದೇ ನಷ್ಟ ಅರ್ಧ ಡೆಸಿಬೆಲ್‌ನಷ್ಟು ಮಾತ್ರ. ಅಡ್ಡ ತಂತಿಯ ಅಲೆಗಾದರೋ ತಗ್ಗಿನ ಕೋನದಲ್ಲಿ ಮಣ್ಣಿನ ಗುಣದಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ.

ಈ ಎಲ್ಲವನ್ನೂ ಕೂಡಿಸಿ ನೋಡಿದಾಗ ಬರುವ ಫಲಿತಾಂಶ ಗಮನಾರ್ಹ. ಸಾಧಾರಣ ಮಣ್ಣಿನ ಮೇಲೆ, ಕೆಲವೇ ರೇಡಿಯಲ್ ಇರುವ ವರ್ಟಿಕಲ್ ಲಂಡನ್ನಿನ ಕೋನದಲ್ಲಿ 10 ಮೀಟರ್ ಎತ್ತರದ ಡೈಪೋಲನ್ನು ಮೀರಿಸುವುದು ಒಂದೆರಡು ಡೆಸಿಬೆಲ್‌ನಿಂದ ಅಷ್ಟೇ. ಮಂಗಳೂರಿನ ಕೋನದಲ್ಲಿ ಅದು ಡೈಪೋಲ್‌ಗಿಂತ 10 ಡೆಸಿಬೆಲ್‌ಗೂ ಹೆಚ್ಚು ಹಿಂದೆ: 100 ವಾಟ್ ಕೊಟ್ಟರೂ ಡೈಪೋಲ್‌ನ 10 ವಾಟ್‌ಗೆ ಸಮನಾಗದು.

5. ಕರ್ನಾಟಕದ ನೆಲದಲ್ಲಿ

ಬಯಲುಸೀಮೆಯ ಒಣ ಕೆಂಪು ಮಣ್ಣಿನಲ್ಲಿ ವರ್ಟಿಕಲ್ ನೆಡುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ತೇವ ಹಿಡಿದಿಡುವ ಕಪ್ಪು ಎರೆಭೂಮಿ ಇದಕ್ಕಿಂತ ಒಳ್ಳೆಯ ವಾಹಕ. ಕಾರವಾರ ಅಥವಾ ಮಲ್ಪೆಯ ಕಡಲಂಚಿನಲ್ಲಿ ಚಿತ್ರವೇ ಬದಲಾಗುತ್ತದೆ. ಅಲ್ಲಿಂದ ಯುರೋಪಿನ ದಾರಿ ವಾಯವ್ಯಕ್ಕೆ, ಅರಬ್ಬೀ ಸಮುದ್ರದ ಮೇಲೆಯೇ ಸಾಗುತ್ತದೆ. ಆ ದಿಕ್ಕಿಗೆ ವರ್ಟಿಕಲ್ 10 ಮೀಟರ್ ಎತ್ತರದ ಡೈಪೋಲನ್ನು 10 ಡೆಸಿಬೆಲ್‌ಗೂ ಮಿಗಿಲಾಗಿ ಮೀರಿಸಬಲ್ಲದು. ಕರಾವಳಿ ಜಿಲ್ಲೆಯಲ್ಲಿ ಇದ್ದರಷ್ಟೇ ಸಾಲದು, ನೀರಿನ ಅಂಚಿಗೆ ಹತ್ತಿರವಿರಬೇಕು.

ಇದಕ್ಕೆ ಎದುರಾದ ಉದಾಹರಣೆ ಕೊಡಗು. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ಮಡಿಕೇರಿಯವರಿಗೆ ಬೇಕಾಗುವುದು ಲಂಡನ್ ಅಲ್ಲ, 110 ಕಿ.ಮೀ. ಆಚೆಯ ಮಂಗಳೂರು. ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿರುವುದರಿಂದ ನೇರ ದೃಷ್ಟಿಯ ವಿಎಚ್‌ಎಫ್ ಸಂಪರ್ಕ ಕಷ್ಟ. 40 ಮೀಟರ್ ಬ್ಯಾಂಡಿನ ಸಂಕೇತ 79 ಡಿಗ್ರಿಯಲ್ಲಿ ಮೇಲೇರಿ ಘಟ್ಟವನ್ನು ದಾಟಿ ಇಳಿಯಬಲ್ಲದು. ಆ ಕೋನದಲ್ಲಿ ವರ್ಟಿಕಲ್ ಬಹುತೇಕ ಮೂಕ. ಎರಡು ಅಡಿಕೆ ಮರಗಳ ನಡುವೆ ನೈಲಾನ್ ಹಗ್ಗದಿಂದ ಕಟ್ಟಿದ ತಂತಿಯೇ ಆಗ ಕೈಹಿಡಿಯುವುದು. ಅಯಾನುಗೋಳ ಸೊರಗಿದ ರಾತ್ರಿಗಳಲ್ಲಿ ನೇರ ಮೇಲಕ್ಕೆ ಹೋದ 7 ಮೆಗಾಹರ್ಟ್ಸ್ ಮರಳದೆ ಇರಬಹುದು. ಆಗ 80 ಮೀಟರ್ ಬ್ಯಾಂಡಿಗೆ ಇಳಿಯಬೇಕಾಗುತ್ತದೆ.

6. ನಗರದ ಮಾಳಿಗೆ

ನಗರದಲ್ಲಿ ಇನ್ನೊಂದು ಅಂಶ ಸೇರುತ್ತದೆ. ಇನ್ವರ್ಟರ್, ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲ ಸುತ್ತಮುತ್ತಲಿಂದ ಬರುವಾಗ ಹೆಚ್ಚಾಗಿ ಲಂಬ ಧ್ರುವೀಕರಣದಲ್ಲಿರುತ್ತದೆ. ವರ್ಟಿಕಲ್ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಕಾಂಕ್ರೀಟ್ ತಾರಸಿ ನೆಲವಲ್ಲ; ಅಲ್ಲಿ ವರ್ಟಿಕಲ್ ನಿಲ್ಲಿಸುವುದಾದರೆ ಕಾಲು ತರಂಗದ ರೇಡಿಯಲ್‌ಗಳನ್ನು ಗಾಳಿಯಲ್ಲಿ ಕಟ್ಟಬೇಕು. ಜಾಗ ಇಕ್ಕಟ್ಟಾದರೆ ಒಂದೇ ಜಿಐ ಪೈಪಿನ ತುದಿಯಿಂದ ಎರಡು ತೋಳುಗಳನ್ನು ಇಳಿಬಿಡುವ ಇನ್ವರ್ಟೆಡ್ ವೀ ಒಳ್ಳೆಯ ರಾಜಿ. ಯಾವುದನ್ನೇ ಕಟ್ಟಿದರೂ ವಿದ್ಯುತ್ ತಂತಿಗಳಿಂದ ದೂರವಿರಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನಲ್ಲಿ ಕೋಆಕ್ಸ್ ಅನ್ನು ಸೆಟ್ಟಿನಿಂದ ಕಳಚಬೇಕು.

7. ಉಪಸಂಹಾರ

ಇಲ್ಲಿನ ಲೆಕ್ಕಗಳು ಸಮತಟ್ಟಾದ, ಏಕರೂಪದ ನೆಲವನ್ನು ಊಹಿಸಿಕೊಂಡಿವೆ. ಸುತ್ತಲಿನ ಕಟ್ಟಡ, ಇಳಿಜಾರುಗಳು ಅಂಕಿಗಳನ್ನು ಆಚೀಚೆ ಮಾಡುತ್ತವೆ. ಆದರೂ ಆಯ್ಕೆಯ ಕ್ರಮ ಬದಲಾಗದು: ಮೊದಲು ದೂರ, ದೂರದಿಂದ ಕೋನ, ಆಮೇಲೆ ನೆಲ, ಕೊನೆಗೆ ಆಂಟೆನಾ. ಒಳನಾಡಿನಲ್ಲಿ 10 ಮೀಟರ್ ಕಂಬವೊಂದೇ ಇರುವ ಹವ್ಯಾಸಿಗೆ ತಂತಿ ಡೈಪೋಲ್ ಮೊದಲ ಆಯ್ಕೆಯಾಗಬೇಕು. ಅದು ನೆರೆಯ ಜಿಲ್ಲೆಗಳನ್ನು ಕೊಡುತ್ತದೆ, ದೂರದಲ್ಲಿ ಕಳೆದುಕೊಳ್ಳುವುದು ಅಲ್ಪ. ಕಡಲಂಚಿನಲ್ಲಿ ದೂರದ ದೇಶಗಳನ್ನು ಅರಸುವವರಿಗೆ ವರ್ಟಿಕಲ್. ಮಳೆಗಾಲದಲ್ಲಿ ಪಕ್ಕದ ತಾಲ್ಲೂಕಿಗೆ ದನಿ ಮುಟ್ಟಿಸಬೇಕಾದ ಪ್ರತಿ ಊರಿನಲ್ಲೂ, ಮಳೆ ಬರುವ ಮೊದಲೇ, 20 ಮೀಟರ್ ತಂತಿಯೊಂದು ಅಳತೆಗೆ ಕತ್ತರಿಸಿ ಸುತ್ತಿಟ್ಟಿರಬೇಕು.