ಸೈಕಲ್ ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ

ಚನ್ನರಾಯಪಟ್ಟಣ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ, ಶ್ರವಣಬೆಳಗೊಳದ ದಾರಿಯಲ್ಲಿರುವ ಪಟ್ಟಣ. ನಾವು ಹೇಳಹೊರಟಿರುವುದು ಆ ಊರಿನ ಬಗ್ಗೆ ಅಲ್ಲ. ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ ತಾಲೂಕಿನಲ್ಲಿ ಅದೇ ಹೆಸರಿನ ಇನ್ನೊಂದು ಊರಿದೆ, ಹೋಬಳಿ ಕೇಂದ್ರ. ಹಿಪ್ಪುನೇರಳೆ, ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ಹಳ್ಳಿಗಳು ಅದರ ಸುತ್ತ. ಆ ಕಡೆಯ ರಸ್ತೆಗಳಲ್ಲಿ ಭಾನುವಾರ ಫಜ್ರ್ ನಮಾಝ್ ಮುಗಿಸಿ ಹೊರಬಂದವರಿಗೆ ಎರಡು ಬಗೆಯ ಸೈಕಲ್‌ಗಳು ಕಾಣುತ್ತವೆ. ಒಂದು, ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಹೊರಟ ಯುವಕ ಯುವತಿಯರದು. ತಲೆಗೆ ಹೆಲ್ಮೆಟ್, ಮೈಗಂಟಿದ ಬಟ್ಟೆ, ಬೆರಳಲ್ಲಿ ಎತ್ತಬಹುದಾದಷ್ಟು ಹಗುರವಾದ ಗಾಡಿ. ಇನ್ನೊಂದು, ಹಾಲಿನ ಕ್ಯಾನನ್ನೋ ಸೊಪ್ಪಿನ ಹೊರೆಯನ್ನೋ ಕ್ಯಾರಿಯರ್‌ಗೆ ಬಿಗಿದ, ಬಣ್ಣ ಹೋದ, ಕಬ್ಬಿಣದ ಹಳೆಯ ಸೈಕಲ್. ಇಬ್ಬರೂ ಒಂದೇ ರಸ್ತೆಯಲ್ಲಿ ಹೋಗುತ್ತಾರೆ. ಆದರೆ ಒಬ್ಬರನ್ನೊಬ್ಬರು ನೋಡುವುದು ಕಡಿಮೆ.

ಪರಿಚಯದ ಹುಡುಗರು ಕೆಲವೊಮ್ಮೆ ನಮ್ಮನ್ನು ಕೇಳುತ್ತಾರೆ: ದಿನಾ ಕೆಲಸಕ್ಕೆ ಹೋಗಲೂ ಆಗಬೇಕು, ರಜೆಯ ದಿನ ನಾಲ್ವತ್ತು ಐವತ್ತು ಕಿಲೋಮೀಟರ್ ಸುತ್ತಲೂ ಆಗಬೇಕು, ಎಂಥ ಸೈಕಲ್ ಕೊಳ್ಳುವುದು? ಅಂಗಡಿಯವನು ಕೊಡುವ ಉತ್ತರ ಬೇರೆ. ನಮಗೆ ಅನಿಸುವುದೇನೆಂದರೆ, ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸೈಕಲಿನ ಚರಿತ್ರೆಯಲ್ಲೇ ಇದೆ.

ಬೀದಿಗೆ ಬಂದ ಬಗೆ

1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರಾಯಿಸ್ ಎರಡು ಮರದ ಚಕ್ರಗಳ ಗಾಡಿಯೊಂದನ್ನು ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕಿತ್ತು. ಮುಂದೆ ಆಳೆತ್ತರದ ಮುಂಚಕ್ರದ ಸೈಕಲ್‌ಗಳು ಬಂದವು. ಬಿದ್ದರೆ ತಲೆ ಒಡೆಯುವಂಥ ಆ ಗಾಡಿಗಳು ಶ್ರೀಮಂತ ತರುಣರ ಆಟದ ವಸ್ತುವಾಗಿದ್ದವು. 1885ರಲ್ಲಿ ಇಂಗ್ಲೆಂಡಿನ ಜೆ.ಕೆ. ಸ್ಟಾರ್ಲಿ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು, ಚೈನಿನಿಂದ ಹಿಂದಿನ ಚಕ್ರ ತಿರುಗುವಂತೆ ಮಾಡಿದ. 1888ರಲ್ಲಿ ಜಾನ್ ಡನ್ಲಪ್ ಗಾಳಿ ತುಂಬಿದ ಟೈರ್ ತಂದ. ಸೈಕಲ್ ಜನಸಾಮಾನ್ಯರದಾಗಲು ಈ ಎರಡೇ ಸಾಕಾದವು. ಇಂದು ಲಕ್ಷ ರೂಪಾಯಿ ಕೊಟ್ಟು ಕೊಳ್ಳುವ ಸೈಕಲಿನ ಮೂಲ ರಚನೆಯೂ ಆ 1885ರದೇ.

ನಮ್ಮ ದೇಶಕ್ಕೆ ಸೈಕಲ್ ಬಂದದ್ದು ಬ್ರಿಟಿಷರ ಹಡಗಿನಲ್ಲಿ. ರ‍್ಯಾಲಿ, ಹಂಬರ್, ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಎಲ್ಲವೂ ಅಲ್ಲಿಯ ಹೆಸರುಗಳೇ. ಬಿ.ಎಸ್.ಎ. ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದ ಕಂಪೆನಿ. ಮೊದಲು ದೊರೆಗಳು, ಆಮೇಲೆ ಅಮಲ್ದಾರರು, ಶಾನುಭೋಗರು, ಮೇಷ್ಟರು ಹತ್ತಿದರು. ಸೈಕಲಿಗೆ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿದ್ದ ಕಾಲವೊಂದಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಮದುವೆಯಲ್ಲಿ ವಾಚು, ರೇಡಿಯೋ, ಸೈಕಲ್ ಕೇಳುವ ಗಂಡಿನ ಕಡೆಯವರೂ ಹುಟ್ಟಿಕೊಂಡರು. ಮಹರ್ ಕೊಡಬೇಕಾದ ಗಂಡು ಸೈಕಲಿಗಾಗಿ ಕೈಯೊಡ್ಡಿದ ನಾಚಿಕೆಗೇಡು ನಮ್ಮ ಸಮುದಾಯದಲ್ಲೂ ನಡೆಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಒಂದು ಹೆಸರಿನ ಕಥೆ

ಸ್ವಾತಂತ್ರ್ಯದ ನಂತರ ಸೈಕಲ್ ಇಲ್ಲಿಯೇ ತಯಾರಾಗತೊಡಗಿತು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಆರಂಭವಾದವು. ಹೀರೋ ಕಟ್ಟಿದ ಮುಂಜಾಲ್ ಸಹೋದರರು ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದವರು. ಆ ಹೆಸರು ಬಂದ ಬಗೆಯನ್ನು ಆ ಕುಟುಂಬವೇ ಹೇಳಿಕೊಂಡಿದೆ. ಕರೀಂ ದೀನ್ ಎಂಬವರು ಸೈಕಲ್ ಸೀಟುಗಳನ್ನು ಮಾಡಿ ‘ಹೀರೋ’ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. 1947ರಲ್ಲಿ ಅವರು ಪಾಕಿಸ್ತಾನಕ್ಕೆ ಹೊರಟು ನಿಂತಾಗ ಗೆಳೆಯ ಓಂ ಪ್ರಕಾಶ್ ಮುಂಜಾಲ್, ನಿಮ್ಮ ಹೆಸರನ್ನು ನಾವು ಬಳಸಿಕೊಳ್ಳಬಹುದೇ ಎಂದು ಕೇಳಿದರಂತೆ. ಕರೀಂ ದೀನ್ ಒಪ್ಪಿದರು. ಯಾವ ಹಣವನ್ನೂ ಕೇಳಲಿಲ್ಲ.

ಊರುಗಳು ಉರಿಯುತ್ತಿದ್ದ ಆ ದಿನಗಳಲ್ಲಿ ಒಬ್ಬ ಮುಸ್ಲಿಂ ಕುಶಲಕರ್ಮಿ ಮನೆಮಾರು ಬಿಟ್ಟು ಹೋಗುವಾಗ ತನ್ನ ದುಡಿಮೆಯ ಹೆಸರನ್ನು ಹಿಂದೂ ಗೆಳೆಯನಿಗೆ ಕೊಟ್ಟು ಹೋದ. 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಸಂಸ್ಥೆಯೆಂದು ಗಿನ್ನೆಸ್ ದಾಖಲೆಗೆ ಸೇರಿದ್ದು ಅದೇ ಹೆಸರು. ವಿಭಜನೆಯ ಚರಿತ್ರೆ ಎಂದರೆ ಕೊಲೆ ಸುಲಿಗೆಗಳ ಲೆಕ್ಕ ಮಾತ್ರವೆಂದು ತಿಳಿದವರು ಇದನ್ನೂ ಆ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ರೇಷ್ಮೆ ಸೀಮೆಯ ಹೊರೆಗಾರ

ದೇವನಹಳ್ಳಿ ಟಿಪ್ಪು ಸುಲ್ತಾನರು ಹುಟ್ಟಿದ ಊರು. ಮೈಸೂರು ಸೀಮೆಗೆ ರೇಷ್ಮೆ ಕೃಷಿಯನ್ನು ತಂದು ಬೆಳೆಸಿದವರೂ ಅವರೇ. ಇನ್ನೂರು ವರ್ಷಗಳ ನಂತರವೂ ಚನ್ನರಾಯಪಟ್ಟಣ, ವಿಜಯಪುರ, ಶಿಡ್ಲಘಟ್ಟದ ಕಡೆ ಬಹಳಷ್ಟು ಮನೆಗಳ ಒಲೆ ಉರಿಯುವುದು ಅದರಿಂದಲೇ. ಹುಳು ಸಾಕುವ ರೈತ ಹೆಚ್ಚಾಗಿ ಒಕ್ಕಲಿಗ, ದಲಿತ ಅಥವಾ ಇತರ ಹಿಂದುಳಿದ ಸಮುದಾಯದವನು. ಗೂಡು ಬಿಚ್ಚಿ ನೂಲು ತೆಗೆಯುವ ರೀಲರುಗಳಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಈ ಇಬ್ಬರ ನಡುವೆ ಓಡಾಡಿದ್ದು ಸೈಕಲ್. ತೋಟದಿಂದ ಹುಳುಮನೆಗೆ ಸೊಪ್ಪು, ಹುಳುಮನೆಯಿಂದ ಮಾರುಕಟ್ಟೆಗೆ ಗೂಡು, ಅಲ್ಲಿಂದ ರೀಲಿಂಗ್ ಮನೆಗೆ ಮೂಟೆ ಹೋಗುತ್ತಿದ್ದುದು ಅದರ ಕ್ಯಾರಿಯರ್ ಮೇಲೆ.

ಆ ಸೈಕಲಿನ ರೂಪ ಸುಮ್ಮನೆ ಬಂದದ್ದಲ್ಲ. ದಪ್ಪ ಕಬ್ಬಿಣದ ಕೊಳವೆ, 28 ಇಂಚಿನ ಚಕ್ರ, ತಂತಿಯ ಬದಲು ಸರಳಿನಿಂದ ಎಳೆಯುವ ಬ್ರೇಕು, ಗೇರು ಒಂದೇ. ಒಟ್ಟು ತೂಕ ಇಪ್ಪತ್ತು ಕಿಲೋಗ್ರಾಂ ಆಸುಪಾಸು. ಚಕ್ರ ದೊಡ್ಡದಾದಷ್ಟೂ ಗುಂಡಿಯಲ್ಲಿ ಕಡಿಮೆ ಇಳಿಯುತ್ತದೆ. ಹೊರೆ ಹೇರಿದರೂ ಕೊಳವೆ ಬಾಗುವುದಿಲ್ಲ, ಮುರಿದರೆ ಹಳ್ಳಿಯ ವೆಲ್ಡರ್ ಬೆಸೆದು ಕೊಡುತ್ತಾನೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಒಂದು ಸುತ್ತು ತುಳಿತಕ್ಕೆ ಸುಮಾರು ಐದೂವರೆ ಮೀಟರ್ ದೂರ ಸಾಗುತ್ತದೆ. ಸಪಾಟು ನೆಲಕ್ಕೆ ಅದು ಸಾಕು. ಏರು ಬಂದರೆ ಇಳಿದು ತಳ್ಳುವುದೇ ನಮ್ಮ ಹಿರಿಯರ ಎರಡನೆಯ ಗೇರು.

ಪಂಕ್ಚರ್ ಅಂಗಡಿ

ಊರಿಗೊಂದು ಸೈಕಲ್ ಶಾಪ್ ಇರುತ್ತಿತ್ತು. ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಸಣ್ಣ ಸೈಕಲ್, ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿಯುವ ಹುಡುಗರು, ಹೆಸರು ಬರೆದುಕೊಳ್ಳುವ ಕೊಳೆಯಾದ ಪುಸ್ತಕ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹುಡುಕುವುದು, ಉಜ್ಜಿ ಸೊಲ್ಯೂಷನ್ ಹಚ್ಚುವುದು, ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ರಿಮ್ಮಿನ ಓರೆ ತೆಗೆಯುವುದು. ಈ ಕೊನೆಯ ಕೆಲಸ ಕಣ್ಣಿಗೂ ಕಿವಿಗೂ ವರ್ಷಗಳ ಅಭ್ಯಾಸ ಬೇಡುವ ವಿದ್ಯೆ. ನಮ್ಮ ಬಹಳಷ್ಟು ಊರುಗಳಲ್ಲಿ ಈ ವಿದ್ಯೆ ಮುಸ್ಲಿಮರ ಕೈಯಲ್ಲಿತ್ತು. ಭೂಮಿಯೂ ಇಲ್ಲದ, ಸರಕಾರಿ ಕೆಲಸವೂ ಸಿಗದ ಕುಟುಂಬಗಳು ಸ್ವಂತ ಕೈಕಸುಬಿಗೆ ಇಳಿದವು. 2006ರ ಸಾಚಾರ್ ಸಮಿತಿಯ ವರದಿಯೂ ಮುಸ್ಲಿಂ ದುಡಿಮೆಗಾರರಲ್ಲಿ ಸ್ವಯಂ ಉದ್ಯೋಗದವರ ಪಾಲು ಇತರರಿಗಿಂತ ಹೆಚ್ಚೆಂದು ತೋರಿಸಿತು.

ಈಚಿನ ವರ್ಷಗಳಲ್ಲಿ ‘ಪಂಕ್ಚರ್ ಹಾಕುವವರು’ ಎಂಬುದು ರಾಜಕೀಯ ವೇದಿಕೆಗಳಲ್ಲಿ ಮೂದಲಿಕೆಯ ಮಾತಾಗಿದೆ. ಇದಕ್ಕೆ ಎರಡು ಉತ್ತರಗಳಿವೆ. ಒಂದು ಅವರಿಗೆ: ನಡುದಾರಿಯಲ್ಲಿ ಗಾಳಿ ಹೋದಾಗ ನಿಮ್ಮನ್ನು ಮನೆ ಮುಟ್ಟಿಸಿದ ಕೈ ಅದು. ಇನ್ನೊಂದು ನಮಗೇ: ತಂದೆ ಪಂಕ್ಚರ್ ಹಾಕುತ್ತಿದ್ದರೆಂದು ಹೇಳಲು ನಮ್ಮ ಪದವೀಧರ ಮಕ್ಕಳು ನಾಚುವುದಾದರೆ ಮೂದಲಿಸುವವನು ಗೆದ್ದಂತೆ. ಸ್ವಂತ ಕೈಯ ದುಡಿಮೆಯಿಂದ ಬಂದ ಆಹಾರಕ್ಕಿಂತ ಉತ್ತಮವಾದುದಿಲ್ಲ ಎಂದು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳಿಗೆ ಈ ನಾಚಿಕೆ ಒಪ್ಪುವುದಿಲ್ಲ. ಹಾಗೆಂದು ಮಕ್ಕಳೂ ಅಲ್ಲೇ ಇರಲಿ ಎಂಬುದು ನಮ್ಮ ವಾದವಲ್ಲ. ಅವರು ಓದಬೇಕು, ಮುಂದೆ ಹೋಗಬೇಕು. ಆದರೆ ಹಿಂದಿನದನ್ನು ಒರೆಸಿಕೊಂಡು ಹೋಗಬೇಕಾಗಿಲ್ಲ.

ಹೆಣ್ಣುಮಕ್ಕಳ ಸೈಕಲ್

ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಲಾಯಿತು. ಸಾವಿರಾರು ಗ್ರಾಮೀಣ ಮಹಿಳೆಯರು ಕಲಿತರು, ಅವರಲ್ಲಿ ಮುಸ್ಲಿಮರೂ ಇದ್ದರು. ಕರ್ನಾಟಕದಲ್ಲಿ 2006-07ರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದರು. ಹೈಸ್ಕೂಲು ದೂರವೆಂದು ಏಳಕ್ಕೇ ಶಾಲೆ ಬಿಡುತ್ತಿದ್ದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿದು ಹೋಗುವ ನೋಟ ಹಳ್ಳಿ ರಸ್ತೆಗಳಿಗೆ ಹೊಸತಾಗಿತ್ತು. ಬಿಹಾರದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದು ಕಂಡುಕೊಂಡರು. ನಮ್ಮಲ್ಲಿ 2020ರ ಕೊರೋನಾದೊಂದಿಗೆ ವಿತರಣೆ ನಿಂತಿತು. ಮಗಳ ಓದಿಗೆ ಸೈಕಲ್ ಬೇಕಾದರೆ ಸರಕಾರವನ್ನು ಕೇಳುವ ಹಕ್ಕು ನಮಗಿದೆ. ಆದರೆ ಅದು ಬರುವ ತನಕ ಮಗನಿಗೆ ಬೈಕ್ ಕೊಡಿಸುವ ಮನೆಯಲ್ಲಿ ಮಗಳಿಗೊಂದು ಸೈಕಲ್ ಬರಬಾರದೇ?

ದೂರದ ಸವಾರಿ

ಮೋಜಿಗಾಗಿ ದೂರ ಹೋಗುವುದು ಹೊಸ ಕಾಲದ್ದೆಂದು ತಿಳಿಯಬೇಕಾಗಿಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಅದಿ ಹಕೀಮ್, ಜಾಲ್ ಬಾಪಸೋಲಾ ಮತ್ತು ರುಸ್ತುಂ ಭುಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಸುತ್ತಿ 1928ರ ಮಾರ್ಚಿನಲ್ಲಿ ಮರಳಿದರು. ಅವರ ಬಳಿ ಹಗುರ ಫ್ರೇಮೂ ಇರಲಿಲ್ಲ, ಮೊಬೈಲ್ ನಕ್ಷೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳ ಗೇಟಿನಲ್ಲಿ ಪಾಳಿ ಬದಲಾಗುವಾಗ ಸೈಕಲ್‌ಗಳ ಹೊಳೆ ಹರಿಯುತ್ತಿದ್ದ ಕಾಲವಿತ್ತು. ಅದು ಬತ್ತಿದ ಮೇಲೆ, 2000ದ ದಶಕದ ಕೊನೆಯಲ್ಲಿ, ಅದೇ ನಗರದ ಕಂಪ್ಯೂಟರ್ ಉದ್ಯೋಗಿಗಳು ಸೈಕಲಿಗೆ ಮರಳಿದರು. 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಆರಂಭವಾಯಿತು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟ ಭಾನುವಾರದ ಯಾತ್ರೆಯಾಯಿತು.

ಅದೇ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವೂ ತೆರೆಯಿತು. ರಸ್ತೆಗಳು ಅಗಲವಾದವು, ವಾಹನಗಳ ವೇಗ ಹೆಚ್ಚಿತು. ಸೊಪ್ಪಿನ ಸೈಕಲಿಗೆ ಮೀಸಲಾದ ಒಂದು ಅಡಿ ಜಾಗವನ್ನೂ ಯಾರೂ ನೆನೆಯಲಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಕೇಳಿದಾಗ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈ 15ರಂದು ಸರಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ವಾರಾಂತ್ಯದ ಸವಾರರು ಹಸಿರೆಂದು ಮೆಚ್ಚಿ ಫೋಟೋ ತೆಗೆಯುವ ಹೊಲಗಳು ಹಸಿರಾಗಿ ಉಳಿದದ್ದು ಹೀಗೆ.

ಹಾಗಾದರೆ ಯಾವುದು?

ಈಗ ಹುಡುಗರ ಪ್ರಶ್ನೆಗೆ ಬರೋಣ. ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ ವೇಗಕ್ಕೆ ಹುಟ್ಟಿದ್ದು. ಅದರ ಕಿರಿದಾದ ಟೈರು ಹಳ್ಳಿಯ ಗುಂಡಿಗೆ, ಊಟದ ಡಬ್ಬಿ ಹೊರುವುದಕ್ಕೆ ಹೇಳಿಸಿದ್ದಲ್ಲ. ದಪ್ಪ ಟೈರಿನ, ಮುಂದೆ ಸ್ಪ್ರಿಂಗಿರುವ ಮೌಂಟನ್ ಬೈಕ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾಡುದಾರಿಗಳಲ್ಲಿ ಇಳಿಜಾರು ಇಳಿಯಲು ಬಂದದ್ದು. ಡಾಂಬರಿನ ಮೇಲೆ ಅದರ ಸ್ಪ್ರಿಂಗು ವೃಥಾ ಭಾರ. ಎರಡರ ನಡುವಿನದು ನಮ್ಮ ಕೆಲಸಕ್ಕೆ ಸರಿ: ನೇರ ಹ್ಯಾಂಡಲ್, ದೊಡ್ಡ ಚಕ್ರ, 32ರಿಂದ 40 ಮಿಲಿಮೀಟರ್ ಅಗಲದ ಟೈರು, ಏರಿಗೆ ಸಣ್ಣ ಗೇರುಗಳು, ಸ್ಪ್ರಿಂಗಿಲ್ಲದ ಫೋರ್ಕು. ಇದಕ್ಕೆ ಅಂಗಡಿಗಳಲ್ಲಿ ಹೈಬ್ರಿಡ್ ಎನ್ನುತ್ತಾರೆ.

ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯೇ ನೋಡಿ. ನೆಲದ ಮೇಲೆ ಎರಡೂ ಕಾಲೂರಿ ನಿಂತಾಗ ಮೇಲಿನ ಬಾರು ಮೈಗೆ ತಾಗದಂತೆ ಎರಡು ಬೆರಳಿನ ಅಂತರವಾದರೂ ಇರಬೇಕು. ಪೆಡಲ್ ಕೆಳಗಿದ್ದಾಗ ಕಾಲು ಬಹುತೇಕ ನೇರವಾಗುವಷ್ಟು ಸೀಟು ಎತ್ತರಿಸಿ. ಸೀಟು ತಗ್ಗಿಸಿ ಮೊಣಕಾಲು ನೋಯಿಸಿಕೊಂಡು ಸೈಕಲನ್ನು ದೂರುವವರೇ ಹೆಚ್ಚು. ಟ್ಯೂಬಿನ ವಾಲ್ವ್ ಬೈಕಿನದರಂತಿದ್ದರೆ ಯಾವ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಹಿಂದೆ ಕೆಂಪು ದೀಪ ಕಡ್ಡಾಯವಾಗಿರಲಿ.

ಕೊನೆಯದಾಗಿ, ನಿಮ್ಮೂರಿನ ಸೈಕಲ್ ಶಾಪಿನವರು ಬಿಚ್ಚಿ ಕಟ್ಟಬಲ್ಲ ಸೈಕಲನ್ನೇ ಆರಿಸಿ. ಕೊಳ್ಳುವ ಮುನ್ನ ಅವರನ್ನೊಮ್ಮೆ ಕೇಳಿ. ಬಿಡಿಭಾಗ ಸಿಗುತ್ತದೆಯೇ, ಕಡ್ಡಿ ಯಾವ ಅಳತೆಯದು, ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅವರು ಜಾಹೀರಾತಿಗಿಂತ ಸರಿಯಾಗಿ ಹೇಳುತ್ತಾರೆ. ಹೇಳಿದ ಮೇಲೆ ಅವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ಕರೀಂ ದೀನರ ಹೆಸರು ಎಷ್ಟು ಜನರಿಗೆ ಗೊತ್ತಿದೆ?